ಹೆದರಿದವರಿಗೆ ಬೇರೆ ಪುಟ

ಒಂದೇ ಪುಸ್ತಕದ ಒಂದೇ ಪುಟ ತನಗೊಂದು ಥರ, ಹೆಂಡತಿಗೊಂದು ಥರ ಕಾಣಿಸುತ್ತಿದೆ ಎಂದು ಹರೀಶ ಮೇಷ್ಟ್ರು ದೂರು ತಂದಾಗ ಗ್ರಂಥಾಲಯ ನೋಡಿಕೊಳ್ಳುವ ಸಿಂಚನಾಗೆ ಮೊದಲು ನಗು ಬಂತು.

ಮೇಷ್ಟ್ರೂ ಅವರ ಹೆಂಡತಿ ಶೈಲಜಾ ಅವರೂ ಬಿಳಿಕಲ್ಲೂರಿನ ಸಾರ್ವಜನಿಕ ಗ್ರಂಥಾಲಯಕ್ಕೆ ದಿನಾ ಬರುವವರು. ಕಿಟಕಿ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತು ಊಟದ ಹೊತ್ತಿನವರೆಗೂ ಓದುತ್ತಿದ್ದರು, ಓದಿದ್ದರ ಬಗ್ಗೆ ಜಗಳವಾಡುತ್ತ ಮನೆಗೆ ಹೋಗುತ್ತಿದ್ದರು. ಆದರೆ ಅವತ್ತು ಮೇಷ್ಟ್ರ ಮುಖದಲ್ಲಿ ಜಗಳದ ಹುರುಪು ಇರಲಿಲ್ಲ.

"ಮೇಡಂ, ಇದು ನಮ್ಮೂರಿನ ಚರಿತ್ರೆ. ಕೆರೆ ಏರಿ ಒಡೆದ ವರ್ಷದ್ದು. ನನ್ನ ಓದುಹಲಗೇಲಿ ಏನಿದೆ ನೋಡಿ."

ಸಿಂಚನಾ ಓದಿದಳು. ಏರಿ ಒಡೆದ ಬೆಳಗ್ಗೆ ಕೆಳಗಿನ ಕೇರಿಗಳು ನೀರಲ್ಲಿ ಕೊಚ್ಚಿಹೋದವು, ಬಹಳಷ್ಟು ಜನರ ಹೆಣವೂ ಸಿಗಲಿಲ್ಲ ಎಂದಿತ್ತು.

"ಈಗ ಇವಳದ್ದು ನೋಡಿ."

ಶೈಲಜಾ ಅವರ ಹಲಗೆಯಲ್ಲಿ ಕೆಳಗಿನ ಕೇರಿಗಳ ಜನರನ್ನು ಮುಂಚೆಯೇ ಎತ್ತರದ ಜಾಗಕ್ಕೆ ಸಾಗಿಸಲಾಗಿತ್ತು ಎಂದಿತ್ತು. ಜೀವಹಾನಿಯ ಮಾತೇ ಇರಲಿಲ್ಲ.

"ನಮ್ಮ ದೊಡ್ಡಪ್ಪ ಹೋಗಿದ್ದೇ ಆ ನೀರಲ್ಲಿ," ಎಂದರು ಶೈಲಜಾ ಮೆಲ್ಲಗೆ. "ಇದನ್ನ ಓದಿದ ಮೇಲೆ, ನಾನೇ ಏನೋ ತಪ್ಪು ತಿಳ್ಕೊಂಡಿದ್ದೆ ಅಂತ ಒಂದು ಗಳಿಗೆ ಅನ್ನಿಸಿಬಿಡ್ತು ಮೇಡಂ. ಅವರಿಗೆ ಬೇರೆ ಏನೋ ಆಗಿರ್ಬೇಕು ಅಂತ."

ಕಾಗದದ ಪುಸ್ತಕಗಳು ಗ್ರಂಥಾಲಯದಿಂದ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಈಗ ಇದ್ದದ್ದು ಓದುಹಲಗೆಗಳು. ರೊಟ್ಟಿಯಷ್ಟು ತೆಳ್ಳಗೆ, ಅಂಗೈಯಲ್ಲಿ ಹಗುರಾಗಿ ಕೂರುವಂಥವು. ಹಲಗೆಯ ಅಂಚಿನಲ್ಲಿ ಹೆಬ್ಬೆರಳು ಇಡುವ ಕಡೆ ಒಂದು ನುಣುಪಾದ ಪಟ್ಟಿ. ಓದುವವರ ನಾಡಿ, ಬೆವರು, ಬೆರಳ ಬಿಸಿ ಎಲ್ಲ ಅದಕ್ಕೆ ತಿಳಿಯುತ್ತಿತ್ತು. ಓದುಗ ತಡವರಿಸಿದರೆ ಹಲಗೆಯೊಳಗಿನ 'ತಿಳಿಪಾಠ' ಎಂಬ ವ್ಯವಸ್ಥೆ ಕಷ್ಟದ ಮಾತನ್ನು ಸುಲಭ ಮಾಡುತ್ತಿತ್ತು, ಉದ್ದದ ವಾಕ್ಯವನ್ನು ಎರಡಾಗಿ ಒಡೆಯುತ್ತಿತ್ತು. ಸಿಂಚನಾ ಅದನ್ನು ಮನಸಾರೆ ಮೆಚ್ಚಿಕೊಂಡಿದ್ದಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ತರಕಾರಿ ಮಾರುವ ಹೆಂಗಸರು ಜಮೀನಿನ ಕಾನೂನು ಓದಿಕೊಂಡು ತಾಲ್ಲೂಕು ಕಚೇರಿಯಲ್ಲಿ ವಾದ ಮಾಡಿ ಬಂದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಊರಿನ ಕೇರಿ ಕೇರಿಗೆ ಹೋಗಿ ಹಲಗೆ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಇಲಾಖೆ ಅವಳ ಹುದ್ದೆಯ ಹೆಸರನ್ನು 'ಗ್ರಂಥಪಾಲಕಿ'ಯಿಂದ 'ಓದು ಸಹಾಯಕಿ'ಗೆ ಬದಲಾಯಿಸಿದಾಗಲೂ ಅವಳಿಗೆ ಬೇಜಾರಾಗಿರಲಿಲ್ಲ.

"ನಿಮ್ಮ ಹಲಗೆ ಅವರ ಕೈಗೆ ಕೊಡಿ ಮೇಷ್ಟ್ರೇ," ಎಂದಳು ಸಿಂಚನಾ.

ಶೈಲಜಾ ಗಂಡನ ಹಲಗೆ ಹಿಡಿದು ಅದೇ ಸಾಲುಗಳ ಮೇಲೆ ಕಣ್ಣಾಡಿಸಿದರು. ಕೊಚ್ಚಿಹೋದ ಕೇರಿಗಳ ಹತ್ತಿರ ಬಂದಾಗ ಅವರ ಬೆರಳು ನಡುಗಿತು. ಅಕ್ಷರಗಳು ಅಲುಗಲಿಲ್ಲ, ಮಿನುಗಲಿಲ್ಲ. ಸಿಂಚನಾ ಕಣ್ಣು ಮಿಟುಕಿಸಿದಳು. ಮಿಟುಕಿಸಿ ನೋಡುವಷ್ಟರಲ್ಲಿ ವಾಕ್ಯ ಬೇರೆಯಾಗಿತ್ತು. ಜನರೆಲ್ಲ ಎತ್ತರದ ಜಾಗದಲ್ಲಿದ್ದರು, ಸುರಕ್ಷಿತವಾಗಿ.

ಅವಳಿಗೆ ನಗು ಮರೆತುಹೋಯಿತು.

ಮಾರನೆಯ ದಿನ ತಿಳಿಪಾಠದ ವಲಯ ಕೇಂದ್ರಕ್ಕೆ ಹೋಗಿ ವಿಚಾರಿಸುವುದೆಂದು ಅವಳು ಬೆಳಗ್ಗೆಯೇ ಹೊರಟಳು. ಮಗಳು ಇಹಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಚೊಚ್ಚಲ ಬಸುರಿ, ಎಂಟನೇ ತಿಂಗಳು ಹಿಡಿದ ಮೇಲೆ ತವರಿಗೆ ಬಂದಿದ್ದಳು. ಅವಳ ಗಂಡ ಬಂದರಿನ ಕೆಲಸದಲ್ಲಿದ್ದವನು, ಭಾನುವಾರ ಬಂದು ನೋಡಿಕೊಂಡು ಹೋಗುತ್ತಿದ್ದ.

"ಯಾಕೇ, ಮುಖ ಊದಿಕೊಂಡಿದೆ?"

"ತಲೆನೋವು ಅಮ್ಮ. ನಿನ್ನೆಯಿಂದ ಬಿಟ್ಟೇ ಇಲ್ಲ. ಕೈಯೂ ಊದಿದೆ, ಉಂಗುರ ಬರ್ತಿಲ್ಲ."

ಸಿಂಚನಾಗೆ ಎದೆ ಧಸಕ್ಕೆಂದಿತು. ಇಹಾ ಮೇಜಿನ ಮೇಲಿದ್ದ ಹಲಗೆಯನ್ನು ತಂದು ಕೊಟ್ಟಳು. "ಹೆದರ್ಬೇಡ, ನಾನು ಆಗ್ಲೇ ನೋಡಿದೀನಿ. ಈ ತಿಂಗಳಲ್ಲಿ ಎಲ್ಲರಿಗೂ ಹೀಗೇ ಆಗುತ್ತಂತೆ. ನೀರು ಕುಡೀಬೇಕು, ಎಡಮಗ್ಗುಲಿಗೆ ಮಲಗ್ಬೇಕು ಅಷ್ಟೇ."

ಸಿಂಚನಾ ತಾನೂ ಓದಿದಳು. ಮಗಳು ಹೇಳಿದ ಹಾಗೇ ಇತ್ತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಊತ, ತಲೆನೋವು ಸಾಮಾನ್ಯ, ವಿಶ್ರಾಂತಿ ಸಾಕು. ಒಂದೊಂದು ಸಾಲಿಗೂ ಎದೆ ಹಗುರಾಗುತ್ತ ಬಂತು. ಮಗಳಿಗೆ ಕಾಫಿ ಮಾಡಿಕೊಟ್ಟು, ಗಂಡ ಮನೋಜನಿಗೆ ಅವಳನ್ನು ನೋಡಿಕೊಳ್ಳಲು ಹೇಳಿ ಬಸ್ ಹತ್ತಿದಳು. ಹಿಂದಿನ ದಿನವಷ್ಟೇ ಶೈಲಜಾ ಅವರ ಕೈಯಲ್ಲಿ ನೋಡಿದ್ದನ್ನು ತನ್ನ ಕೈಗೆ ಹೊಂದಿಸಿ ನೋಡುವುದು ಅವಳಿಗೆ ಹೊಳೆಯಲೇ ಇಲ್ಲ.

ವಲಯ ಕೇಂದ್ರದ ನಿಯಂತ್ರಣ ಕೊಠಡಿ ತಣ್ಣಗೆ, ಸದ್ದಿಲ್ಲದೆ ಇತ್ತು. ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಅದರ ಮೇಲೆ ರಾಗಿ ಚೆಲ್ಲಿದಂತೆ ಹಸಿರು ಚುಕ್ಕಿಗಳು. ಒಂದೊಂದೂ ಆ ಕ್ಷಣ ಎಲ್ಲೋ ಓದುತ್ತಿರುವ ಒಬ್ಬರು. ಎಂಜಿನಿಯರ್ ನಿಶ್ಚಿತ್ ಸಿಂಚನಾಗೆ ಹಳೆಯ ಪರಿಚಯ. ತಿಳಿಪಾಠದ ತರಬೇತಿ ಕೊಟ್ಟವನು ಅವನೇ. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ನೇರ ಉತ್ತರ ಕೊಡುವವನು.

"ಓದುಗರು ಹೆದರಿ ಅರ್ಧಕ್ಕೇ ಓದು ಬಿಟ್ಟರೆ ಚುಕ್ಕಿ ಕೆಂಪಾಗುತ್ತೆ ಮೇಡಂ," ಎಂದ ಅವನು, ಕುರ್ಚಿ ಎಳೆದುಕೊಡುತ್ತ. "ನೋಡಿ, ಇಡೀ ಜಿಲ್ಲೇಲಿ ಒಂದೂ ಕೆಂಪಿಲ್ಲ. ಈ ವರ್ಷ ನಮ್ಮ ವಲಯಕ್ಕೇ ಮೊದಲ ಸ್ಥಾನ."

ಸಿಂಚನಾ ನಕ್ಷೆಯನ್ನೇ ನೋಡಿದಳು. ಅಷ್ಟು ಜನ. ರೋಗದ ಬಗ್ಗೆ, ಸಾವಿನ ಬಗ್ಗೆ, ಕೋರ್ಟಿನ ನೋಟಿಸಿನ ಬಗ್ಗೆ ಓದುತ್ತಿರುವವರು ಅವರಲ್ಲಿ ಎಷ್ಟೋ ಜನ ಇರಬೇಕು. ಒಬ್ಬರೂ ಹೆದರುತ್ತಿಲ್ಲ.

"ಯಾರೂ ಹೆದರದ ಹಾಗೆ ನೀವು ಏನು ಮಾಡಿದಿರಿ ನಿಶ್ಚಿತ್?"

"ನಾವೇನೂ ಮಾಡಿಲ್ಲ. ಓದುಗ ಪುಟದ ಕೊನೇವರೆಗೂ ಓದ್ಬೇಕು ಅನ್ನೋ ಗುರಿ ಕೊಟ್ಟಿದ್ವಿ. ಹೇಗೆ ಅನ್ನೋದನ್ನ ಅದೇ ಕಲ್ತ್ಕೊಂಡಿದೆ."

ಅವಳು ಕೆರೆ ಏರಿಯ ಕತೆ ಹೇಳಿದಳು. ಅವನು ನಂಬಲಿಲ್ಲ. ಇಬ್ಬರೂ ಎರಡು ಹಲಗೆ ಹಿಡಿದು ಹಾವು ಕಡಿತದ ಪುಟ ತೆರೆದರು. ಸಿಂಚನಾಗೆ ಚಿಕ್ಕಂದಿನಿಂದ ಹಾವೆಂದರೆ ಪ್ರಾಣಭಯ. ನಿಶ್ಚಿತನ ಹಲಗೆಯಲ್ಲಿ 'ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ' ಎಂದಿತ್ತು. ಅವಳ ಹಲಗೆಯಲ್ಲಿ 'ಹೆಚ್ಚಿನ ಹಾವುಗಳು ವಿಷರಹಿತ. ಗಾಬರಿ ಬೇಡ, ಗಾಯ ತೊಳೆದು ವಿಶ್ರಾಂತಿ ಪಡೆಯಿರಿ' ಎಂದಿತ್ತು.

ನಿಶ್ಚಿತ್ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

"ಮೂಲ ಪುಸ್ತಕ ತೆಗೀರಿ," ಎಂದಳು ಸಿಂಚನಾ. ಗ್ರಂಥಾಲಯ ವಿಜ್ಞಾನದ ಮೊದಲ ತರಗತಿಯಲ್ಲೇ ಅವಳಿಗೆ ಕಲಿಸಿದ್ದು ಇದು: ಯಾರು ಬರೆದದ್ದು, ಯಾವ ಮುದ್ರಣ, ಯಾವಾಗಿನದು. ಹಲಗೆ ಬಂದ ಮೇಲೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಸಹ. "ಯಾರೂ ಬದಲಾಯಿಸದೇ ಇರೋ ಮೂಲ ಪಾಠ ಎಲ್ಲಿದೆ?"

"ಮೂಲ ಅಂತ…" ಅವನು ಹಲಗೆಯಿಂದ ಕಣ್ಣೆತ್ತಿದ. "ಜಾಗ ಉಳಿಸೋಕೆ ಪುಸ್ತಕದ ಅರ್ಥ ಮಾತ್ರ ಇಟ್ಕೊಂಡಿದೀವಿ ಮೇಡಂ. ಮಾತುಗಳನ್ನ ಇಟ್ಕೊಂಡಿಲ್ಲ. ಪ್ರತಿ ಸಲ ಓದುವಾಗ ಅದು ಹೊಸದಾಗಿ ಬರೆದು ಕೊಡುತ್ತೆ."

"ಅಂದ್ರೆ ಹೆದರಿಕೊಂಡು ಓದಿದೋರಿಗೆ ಒಂದು ಸಲವೂ ನಿಜ ಸಿಕ್ಕಿಲ್ಲ."

ಈ ಮಾತು ಅವಳ ಬಾಯಿಂದ ಬರುವಾಗಲೇ ಅವಳಿಗೆ ಬೆಳಗಿನ ಅಡುಗೆಮನೆ ನೆನಪಾಯಿತು. ಇಹಾಳ ಊದಿದ ಕೆನ್ನೆ. ಧಸಕ್ಕೆಂದ ತನ್ನ ಎದೆ. ಸಾಲುಸಾಲಿಗೂ ಹಗುರಾದ ಎದೆ.

ಅವಳು ಫೋನ್ ಮಾಡಿದಳು. ಅವಸರಕ್ಕೆ ಎರಡು ಸಲ ಬೇರೆ ಯಾರಿಗೋ ಹೋಯಿತು.

"ಅಮ್ಮ, ಮಲಗಿದೀನಿ," ಎಂದಳು ಇಹಾ. ದನಿ ಮಂಕಾಗಿತ್ತು. "ಕಣ್ಣ ಮುಂದೆ ಏನೋ ಚುಕ್ಕಿ ಚುಕ್ಕಿ ಮಿಂಚ್ತಿದೆ. ಮೇಲ್ಹೊಟ್ಟೆ ನೋಯ್ತಿದೆ. ಹಲಗೇಲಿ ನೋಡಿದೆ. ದಣಿವಿಂದ ಅಂತೆ."

"ಅಪ್ಪನಿಗೆ ಕೊಡು. ಬೇಗ ಕೊಡು."

ಮನೋಜ್ ಫೋನ್ ತೆಗೆದುಕೊಂಡ.

"ರೀ, ಅವಳನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಲಗೇಲಿರೋದು ಸುಳ್ಳು."

"ನಾನೂ ಈಗ ತಾನೇ ನೋಡಿದೆ ಕಣೆ. ಮಲಗಿದ್ರೆ ಸರಿಹೋಗುತ್ತೆ, ಓಡಾಡಿಸಿದ್ರೇ ತೊಂದರೆ ಅಂತ ಬರೆದಿದೆ. ಈ ಬಿಸಿಲಲ್ಲಿ ಆಟೋದಲ್ಲಿ ಅಲುಗಾಡಿಸಿಕೊಂಡು ಹೋಗಿ ಏನಾದ್ರೂ ಆದ್ರೆ?"

"ನೀವು ಹೆದರಿದೀರಿ, ಅದಕ್ಕೇ ಹಾಗೆ ಬರೆದಿದೆ!"

"ಏನು ಮಾತಾಡ್ತಿದೀಯ? ಇಷ್ಟು ವರ್ಷ ಹಲಗೇನ ನಂಬಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೋಳು ನೀನು. ಈಗ ನಂಬಬೇಡಿ ಅಂದ್ರೆ?"

ಅವನು ಹೇಳಿದ್ದು ನಿಜ. ಅವಳ ಬಾಯಿಮಾತು ಒಂದು ಕಡೆ, ಅವಳೇ ಮನೆಮನೆಗೆ ಮುಟ್ಟಿಸಿದ ಹಲಗೆ ಇನ್ನೊಂದು ಕಡೆ. ಸರಿಯಾದ ಸಾಲನ್ನು ಯಾರಾದರೂ ಓದಿ ಹೇಳಬೇಕಿತ್ತು. ನಿಶ್ಚಿತ್ ಹಲಗೆ ಎತ್ತಿ ಆ ಪುಟ ತೆರೆದ. ಅವನ ಹಣೆಯಲ್ಲಿ ಬೆವರಿತ್ತು. ಪುಟ ಅವನಿಗೂ 'ವಿಶ್ರಾಂತಿ ಸಾಕು' ಎಂದೇ ಹೇಳಿತು. ಅವನು ಹಲಗೆಯನ್ನು ಮೇಜಿನ ಮೇಲೆ ಕುಕ್ಕಿದ.

"ಹೆದರದೇ ಇರೋರು ಬೇಕು," ಎಂದಳು ಸಿಂಚನಾ. "ಏನೂ ಗೊತ್ತಿಲ್ಲದೋರು."

ಗೇಟಿನ ಕಾವಲುಗಾರ ಮಾರುತಿ ಊಟ ಮುಗಿಸಿ, ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದ. ನಿಶ್ಚಿತ್ ಅವನನ್ನು ಎಬ್ಬಿಸಿ ಕೈಗೆ ಹಲಗೆ ಕೊಟ್ಟ. ಸಿಂಚನಾ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. ತನ್ನ ಏದುಸಿರು ಅವನಿಗೆ ಕೇಳಬಾರದೆಂದು ಮುಖ ತಿರುಗಿಸಿಕೊಂಡಳು.

"ಏನೂ ಇಲ್ಲ ಮಾರುತಿ, ಹಲಗೆ ಪರೀಕ್ಷೆ ಮಾಡ್ತಿದೀವಿ. ಇಲ್ಲಿಂದ ಜೋರಾಗಿ ಓದು."

ಮಾರುತಿ ಆಕಳಿಸಿ, ಸಂತೆಯ ಸಾಮಾನು ಹೇಳುವವನ ಹಾಗೆ ಓದತೊಡಗಿದ. "ಬಸುರಿಯಲ್ಲಿ ಬಿಡದ ತಲೆನೋವು, ಮುಖ ಹಾಗೂ ಕೈಗಳ ಊತ, ಕಣ್ಣ ಮುಂದೆ ಮಿಂಚು, ಮೇಲ್ಹೊಟ್ಟೆಯ ನೋವು ಕಂಡುಬಂದರೆ ಅದು ರಕ್ತದೊತ್ತಡ ವಿಪರೀತ ಏರಿದ ಲಕ್ಷಣವಾಗಿರಬಹುದು. ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ತಕ್ಷಣ ಆಸ್ಪತ್ರೆಗೆ…"

ಅವನು ನಿಂತುಬಿಟ್ಟ. ನಿದ್ದೆಯೆಲ್ಲ ಹಾರಿಹೋಗಿತ್ತು. "ಮೇಡಂ, ನನ್ನ ತಂಗಿಗೂ ಹೀಗೇ…" ಎಂದವನೇ ಮತ್ತೆ ಹಲಗೆ ನೋಡಿ, "ಅರೆ! ಈಗ ಬೇರೆ ಇದೆಯಲ್ಲ? ಚಿಂತಿಸಬೇಡಿ, ಇದು ಸಾಮಾನ್ಯ ಅಂತಿದೆ. ಈಗ ತಾನೇ ಓದಿದ್ದು ಎಲ್ಹೋಯ್ತು?" ಎಂದು ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿದ.

"ರೀ, ಕೇಳಿಸ್ತಾ?" ಎಂದು ಸಿಂಚನಾ ಫೋನಿನಲ್ಲಿ ಕೂಗಿದಳು.

ಆ ಕಡೆಯಿಂದ ಕುರ್ಚಿ ಸರಿದ ಸದ್ದು, ಮನೋಜ್ ಬೀದಿಗೆ ಓಡಿ ಆಟೋ ಕೂಗಿದ ಸದ್ದು ಕೇಳಿಸಿತು.

ನಿಶ್ಚಿತ್ ತನ್ನ ಕಾರಿನಲ್ಲೇ ಅವಳನ್ನು ಕರೆತಂದ. ಬಸ್ ನಿಲ್ದಾಣದಲ್ಲಿ, ಹೋಟೆಲಿನ ಮುಂದೆ, ಮನೆಯ ಜಗಲಿಗಳಲ್ಲಿ ಹಲಗೆ ಹಿಡಿದು ಕೂತ ಜನ ಕಾಣುತ್ತಿದ್ದರು. ಎಲ್ಲರ ಮುಖವೂ ಶಾಂತವಾಗಿತ್ತು. ಅದನ್ನು ನೋಡಲಾರದೆ ಸಿಂಚನಾ ಕಣ್ಣು ಮುಚ್ಚಿಕೊಂಡಳು.

ಅವರು ಆಸ್ಪತ್ರೆ ಸೇರುವಷ್ಟರಲ್ಲಿ ಇಹಾಗೆ ಒಂದು ಸಲ ಫಿಟ್ಸ್ ಬಂದು ಹೋಗಿತ್ತು. ಮನೋಜ್ ವಾರ್ಡಿನ ಹೊರಗೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಹೆಂಡತಿಯನ್ನು ಕಂಡವನೇ, "ಆಸ್ಪತ್ರೆ ಬಾಗಿಲು ದಾಟುವಾಗ್ಲೇ ಆಯ್ತು ಕಣೆ. ಮನೇಲಿ ಆಗಿದ್ರೆ…" ಎಂದು ಅಷ್ಟಕ್ಕೇ ನಿಲ್ಲಿಸಿದ.

ಡಾಕ್ಟರ್ ತಬಸ್ಸುಮ್ ಚುಚ್ಚುಮದ್ದು ಸಿದ್ಧ ಮಾಡಿಸುತ್ತಿದ್ದರು. ಪಕ್ಕದಲ್ಲಿದ್ದ ನರ್ಸ್ ಔಷಧದ ಪ್ರಮಾಣ ನೋಡಲು ಹಲಗೆ ಎತ್ತಿಕೊಂಡಳು. ಸಿಂಚನಾ ಒಳಗೆ ನುಗ್ಗಿ ಅವಳ ಕೈ ಹಿಡಿದಳು.

"ಅದನ್ನ ನೋಡ್ಬೇಡಮ್ಮ. ದಯವಿಟ್ಟು ನೋಡ್ಬೇಡ. ಹೆದರಿದೋರ ಕೈಗೆ ಅದು ಸುಳ್ಳು ಹೇಳುತ್ತೆ."

"ಯಾರ್ರೀ ನೀವು? ಹೊರಗೆ ನಡೀರಿ," ಎಂದು ಗದರಿದ ಡಾಕ್ಟರು ಅವಳ ಮುಖ ನೋಡಿ ನರ್ಸ್‌ಗೆ, "ಹಲಗೆ ಕೆಳಗಿಡು. ಗೋಡೆ ಮೇಲೆ ಪಟ್ಟಿ ಇದೆ, ಅದನ್ನ ನೋಡಿ ಜೋರಾಗಿ ಹೇಳು. ನಾನು ಹೇಳಿದ್ದಕ್ಕೂ ಅದಕ್ಕೂ ತಾಳೆ ಆದ್ರೆ ಮಾತ್ರ ಕೊಡು," ಎಂದರು.

ತಾಳೆಯಾಯಿತು. ಬಾಗಿಲು ಮುಚ್ಚಿತು.

ಸಂಜೆಯ ಹೊತ್ತಿಗೆ ಮಗು ಹೊರಬಂತು. ಎರಡು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು, ಅಳುವುದಕ್ಕೂ ಶಕ್ತಿಯಿಲ್ಲದ ಹೆಣ್ಣುಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇಹಾ ಕಣ್ಣು ತೆರೆದದ್ದು ಮಾರನೆಯ ದಿನ. ತಾಯಿಯ ಕೈ ಹಿಡಿದು ಅವಳು ಕೇಳಿದ ಮೊದಲ ಮಾತು, "ಅಮ್ಮ, ಅದರಲ್ಲಿ ಏನೂ ಆಗಲ್ಲ ಅಂತ ಬರೆದಿತ್ತಲ್ಲ?"

ಡಾಕ್ಟರ್ ತಬಸ್ಸುಮ್ ಸಿಂಚನಾಳನ್ನು ಪಕ್ಕಕ್ಕೆ ಕರೆದು ಎಲ್ಲ ಕೇಳಿಕೊಂಡರು. "ಈ ವರ್ಷ ನಮ್ಮಲ್ಲಿಗೆ ಬರೋರೇ ಕಡಿಮೆಯಾಗಿದ್ರು ಮೇಡಂ," ಎಂದರು. "ಜನ ಆರೋಗ್ಯವಾಗಿದಾರೆ ಅಂತ ನಾವು ಖುಷಿಪಟ್ಟಿದ್ವಿ."

ನಿಶ್ಚಿತ್ ವರದಿ ಬರೆದ. ತಿಳಿಪಾಠದ ಕಂಪನಿಯವರು ತಪ್ಪು ಒಪ್ಪಿಕೊಂಡರು, ಸರಿಪಡಿಸಲು ಕಾಲಾವಕಾಶ ಕೇಳಿದರು. ಅಲ್ಲಿಯವರೆಗೆ ಸೇವೆ ಮುಂದುವರಿಯಲಿ, ಜನರನ್ನು ಗಾಬರಿಪಡಿಸಬಾರದು ಎಂದು ಮೇಲಿನಿಂದ ಆದೇಶ ಬಂತು. ಸಿಂಚನಾ ಆ ಆದೇಶವನ್ನು ಓದಿ, ಗ್ರಂಥಾಲಯದ ಹಲಗೆಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಜನ ಅವಳನ್ನು ಬೈದರು. ಬಾಗಿಲ ಮುಂದೆ ನಿಂತು ಕೂಗಾಡಿದವರಲ್ಲಿ ಅವಳೇ ಓದು ಕಲಿಸಿದ ತರಕಾರಿಯ ಹೆಂಗಸರೂ ಇದ್ದರು. "ಕಣ್ಣು ಕೊಟ್ಟು ಕಿತ್ಕೊಂಡ್ರಿ," ಎಂದಳು ಒಬ್ಬಳು. ಅಮಾನತಿನ ನೋಟಿಸು ಇವತ್ತು ಬಂದೀತು, ನಾಳೆ ಬಂದೀತು ಎಂಬ ಹೆದರಿಕೆ ಬೇರೆ. ಬೀದಿಯಲ್ಲಿ ಜೀಪಿನ ಸದ್ದಾದರೆ ಅವಳು ಕಿಟಕಿಗೆ ಬಂದು ಇಣುಕಿ ನೋಡುತ್ತಿದ್ದಳು.

ಆದರೂ ಕೆಲಸ ಶುರುವಾಯಿತು. ಬೇರೆ ಊರುಗಳಲ್ಲಿ ಅವಳ ಜೊತೆ ಓದಿದ ಗ್ರಂಥಪಾಲಕರಿದ್ದರು. ಅವರಿಗೆಲ್ಲ ಫೋನ್ ಮಾಡಿದಳು. ರದ್ದಿಗೆ ಹೋಗದೆ ಉಳಿದ ಮುದ್ರಿತ ಪುಸ್ತಕಗಳು ವೈದ್ಯಕೀಯ ಕಾಲೇಜಿನ ಉಗ್ರಾಣದಲ್ಲಿ, ಯಾರದೋ ಮನೆಯ ಅಟ್ಟದಲ್ಲಿ ಸಿಗತೊಡಗಿದವು. ಒಂದೇ ಪುಸ್ತಕದ ಎರಡು ಪ್ರತಿ ಇಟ್ಟುಕೊಂಡು ಇಬ್ಬರು ಬೇರೆ ಬೇರೆ ಊರಲ್ಲಿ ಕೂತು ಫೋನಿನಲ್ಲಿ ಸಾಲು ಸಾಲಾಗಿ ಓದಿ ತಾಳೆ ನೋಡುತ್ತಿದ್ದರು. ಹರೀಶ ಮೇಷ್ಟ್ರು ಓದುತ್ತಿದ್ದರು, ಶೈಲಜಾ ಕೇಳಿಸಿಕೊಂಡು ಗುರುತು ಹಾಕುತ್ತಿದ್ದರು. ಹಳತಾದ ಮಾಹಿತಿಯನ್ನು ಡಾಕ್ಟರ್ ತಬಸ್ಸುಮ್ ತಿದ್ದಿ, ಯಾವಾಗ ತಿದ್ದಿದ್ದು ಎಂದು ಪಕ್ಕದಲ್ಲಿ ಬರೆದು ಹೆಸರು ಹಾಕುತ್ತಿದ್ದರು. ಕೆಲಸ ಆಮೆಯ ಹಾಗೆ ಸಾಗುತ್ತಿತ್ತು. ಗೋಡೆಯಾಚೆ, ಊರಿನ ಮನೆಗಳಲ್ಲಿ, ಸ್ವಂತ ಹಲಗೆಗಳು ಇನ್ನೂ ಬೆಳಗುತ್ತಲೇ ಇದ್ದವು.

ಒಂದು ಮಧ್ಯಾಹ್ನ ಬಸ್ ಕಂಡಕ್ಟರ್ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಒಳಗೆ ಬಂದಳು. ಹೆಸರು ಆದ್ಯಾ. ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೇಜಿನ ಹತ್ತಿರ ಬಂದಳು.

"ಮೇಡಂ, ಎದೇಲಿ ಒಂದು ಗಂಟು. ನೋವೇನಿಲ್ಲ. ಹಲಗೇಲಿ ನೋಡಿದೆ, ಏನೂ ಅಲ್ಲ ಅಂತಿದೆ. ಆದ್ರೆ ನಿಮ್ಮ ಬಗ್ಗೆ ಬಸ್ಸಲ್ಲಿ ಮಾತಾಡ್ತಿದ್ರು…"

ಸಿಂಚನಾ ಪುಸ್ತಕ ತಂದಳು. ಪುಟ ತೆರೆದು ಅವಳ ಕಡೆ ತಿರುಗಿಸಬೇಕು. ಕೈ ಮುಂದೆ ಹೋಗಲಿಲ್ಲ. ಹೆದರಿದವರು ಓದು ಬಿಟ್ಟು ಎದ್ದು ಹೋಗುತ್ತಾರೆ ಎಂದು ಯಂತ್ರ ಹಾಕಿದ ಲೆಕ್ಕ ಸುಳ್ಳಾಗಿರಲಿಲ್ಲ. ಇವಳೂ ಎದ್ದು ಹೋಗಬಹುದು. ಹೋಗಿ ಮತ್ತೆಂದೂ ಬರದೇ ಇರಬಹುದು. 'ಏನೂ ಆಗಲ್ಲಮ್ಮ' ಎಂಬ ಮಾತು ಸಿಂಚನಾಳ ನಾಲಿಗೆಯ ತುದಿಯವರೆಗೂ ಬಂತು. ಎಷ್ಟು ಸುಲಭದ ಮಾತು. ಅವಳು ಅದನ್ನು ನುಂಗಿಕೊಂಡು ಪುಸ್ತಕ ಮುಂದಿಟ್ಟಳು. ಮೇಜನ್ನು ಬಳಸಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

ಆದ್ಯಾ ಓದಿದಳು. ನೋವಿಲ್ಲದ ಗಂಟನ್ನೂ ಕಡೆಗಣಿಸಬಾರದು ಎಂಬ ಸಾಲಿಗೆ ಬಂದಾಗ ಮುಖ ಬಿಳಿಚಿಕೊಂಡಿತು. ಪುಸ್ತಕ ಮುಚ್ಚಿ ಎದ್ದಳು. "ಡ್ಯೂಟಿಗೆ ಹೊತ್ತಾಯ್ತು ಮೇಡಂ. ಆಮೇಲೆ ಬರ್ತೀನಿ."

"ಇನ್ನರ್ಧ ಪುಟ ಇದೆ," ಎಂದಳು ಸಿಂಚನಾ. "ನನಗೂ ಓದೋಕೆ ಹೆದರಿಕೆ. ಇಬ್ಬರೂ ಸೇರಿ ಓದೋಣ."

ಬಾಗಿಲ ಕಡೆ ನೋಡುತ್ತ ನಿಂತ ಆದ್ಯಾ ನಿಧಾನವಾಗಿ ಮತ್ತೆ ಕೂತಳು. ಈ ಸಲ ಸಿಂಚನಾ ಓದಿದಳು, ಪ್ರತಿ ಸಾಲನ್ನೂ ಇದ್ದದ್ದು ಇದ್ದ ಹಾಗೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ಅಪಾಯದವಲ್ಲ ಎಂದೂ ಅಲ್ಲಿತ್ತು. ಪರೀಕ್ಷೆ ಮಾಡದೆ ಅದನ್ನು ಹೇಳಲಾಗದು ಎಂದೂ ಇತ್ತು. ಬೇಗ ಕಂಡುಹಿಡಿದರೆ ವಾಸಿಯಾಗುವ ಸಾಧ್ಯತೆ ಹೆಚ್ಚು ಎಂದೂ ಇತ್ತು. ಆದ್ಯಾ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ತಾನೇ ಬೆರಳಿಟ್ಟು ಓದಿಕೊಂಡಳು.

"ಇದು ನಾನು ನೋಡಿದ್ರೂ ಹೀಗೇ ಇರುತ್ತಲ್ವಾ ಮೇಡಂ?"

"ಯಾರು ನೋಡಿದ್ರೂ ಹೀಗೇ ಇರುತ್ತೆ."

"ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ?"

ಸಿಂಚನಾ ಎದ್ದು ಕಿಟಕಿ ಹಾಕಿದಳು, ಕೀಲಿಕೈ ತೆಗೆದುಕೊಂಡಳು.

"ನಾಳೆ ಬೇಡ ಆದ್ಯಾ. ನಾಳೆಗೆ ನಿನಗೂ ಧೈರ್ಯ ಉಳಿಯಲ್ಲ, ನನಗೂ ಉಳಿಯಲ್ಲ. ಈಗ್ಲೇ ನಡಿ."